ಕಿಸ್ತಿನ ಗಡಿಗೆ: ದತ್ತ ಮಂಡಲದ ಕಂದಾಯ ಕಲಿಸಿದ ಪಾಠ

ನಾವು ಚಿಕ್ಕವರಾಗಿದ್ದಾಗ ನಮ್ಮ ಮನೆಯ ಅಟ್ಟದ ಮೇಲೆ ಒಂದು ಮಣ್ಣಿನ ಗಡಿಗೆ ಇರುತ್ತಿತ್ತು. ಮನೆಯವರೆಲ್ಲರೂ ಅದನ್ನು ‘ಕಿಸ್ತಿನ ಗಡಿಗೆ’ ಎಂದೇ ಕರೆಯುತ್ತಿದ್ದರು. ಸುಗ್ಗಿ ಮುಗಿದು ಜೋಳವನ್ನೂ ಶೇಂಗಾವನ್ನೂ ಮಾರಿ ಬಂದ ದಿನವೇ ಅಜ್ಜನವರು ಭೂಕಂದಾಯದ ಹಣವನ್ನು ಎಣಿಸಿ ಅದರಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಬಿಡುತ್ತಿದ್ದರು. ಆಮೇಲೆ ಹಬ್ಬ ಬಂದರೂ ನೆಂಟರು ಬಂದರೂ ಆ ಗಂಟು ಬಿಚ್ಚುವಂತಿರಲಿಲ್ಲ. ಒಮ್ಮೆ ಅಜ್ಜಿ, “ಕಂದಾಯಕ್ಕೆ ಇನ್ನೂ ದಿನವಿದೆಯಲ್ಲ, ಹುಡುಗರಿಗೆ ಬಟ್ಟೆ ತರೋಣ” ಎಂದಾಗ ಅಜ್ಜ, “ಧಾತು ಬರದಲ್ಲಿ ನಮ್ಮ ಮನೆಯಲ್ಲಿ ಈ ಗಡಿಗೆ ಇರಲಿಲ್ಲ” ಎಂದಷ್ಟೇ ಹೇಳಿ ಎದ್ದುಹೋದರು. ಆ ಮಾತಿನ ಹಿಂದಿದ್ದ ಚರಿತ್ರೆ ನಮಗೆ ಅರ್ಥವಾದದ್ದು ಬಹಳ ವರ್ಷಗಳ ನಂತರ. ಅದನ್ನೇ ಸಂಘದ ಬಂಧುಗಳ ಮುಂದೆ ಇಡಲು ಇಲ್ಲಿ ಯತ್ನಿಸಿದ್ದೇವೆ.

ತೆರಿಗೆಯೆಂದರೆ ಸರಕಾರಕ್ಕೂ ಶ್ರೀಮಂತರಿಗೂ ಸಂಬಂಧಿಸಿದ ವಿಷಯವೆಂದು ಅನೇಕರು ಭಾವಿಸುತ್ತಾರೆ. ನಮ್ಮ ಸೀಮೆಯ ಶಾಸನಗಳನ್ನು ನೋಡಿದರೆ ಆ ಭ್ರಮೆ ಹರಿಯುತ್ತದೆ. ವಿಜಯನಗರದ ಕಾಲದಲ್ಲಿ ನೇಯುವವನು ಮಗ್ಗದೆರೆ ಕೊಡುತ್ತಿದ್ದನು, ಎಣ್ಣೆ ತೆಗೆಯುವವನು ಗಾಣದೆರೆ ಕೊಡುತ್ತಿದ್ದನು. ಮನೆಗೊಂದು ತೆರಿಗೆ, ಸಂತೆಗೊಂದು ಸುಂಕ, ಮದುವೆಗೂ ಒಂದು ಸುಂಕ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಮದುವೆಯ ಸುಂಕವನ್ನು ಬಿಟ್ಟುಕೊಟ್ಟ ಸಂಗತಿಯನ್ನು ಕಲ್ಲಿನಲ್ಲಿ ಕೆತ್ತಿಸಿದರೆಂದರೆ, ಅದು ಜನರಿಗೆ ಎಷ್ಟು ಭಾರವಾಗಿತ್ತೆಂಬುದನ್ನು ಊಹಿಸಬಹುದು. ಸದಾಶಿವರಾಯನ ಕಾಲದಲ್ಲಿ ಕೊಂಡೋಜನೆಂಬ ಕ್ಷೌರಿಕನು ಅಳಿಯ ರಾಮರಾಜನ ಮನ ಮೆಚ್ಚಿಸಿ ತನ್ನ ಕುಲಬಾಂಧವರ ಮೇಲಿನ ತೆರಿಗೆಯನ್ನು ಬಿಡಿಸಿದನು. ಅವನು ತನಗಾಗಿ ಜಹಗೀರನ್ನು ಬೇಡದೆ ಎಲ್ಲರ ಕತ್ತಿ, ಕನ್ನಡಿಗಳ ಮೇಲಿದ್ದ ಹೊರೆಯನ್ನು ಇಳಿಸಿದ್ದು ಇಂದಿಗೂ ನೆನೆಯತಕ್ಕ ಮಾತು.

ಅದೇ ಕಾಲದ ಇನ್ನೊಂದು ಪದ್ಧತಿ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಮಳೆ ಕಡಿಮೆಯಿರುವ ಈ ನೆಲದಲ್ಲಿ ಕೆರೆಯೇ ಬದುಕು. ಕೆರೆ ಕಟ್ಟಿದವನಿಗೆ ಅಥವಾ ಒಡೆದುದನ್ನು ದುರಸ್ತಿ ಮಾಡಿದವನಿಗೆ ಅರಸರು ಭೂಮಿಯನ್ನೋ ಆದಾಯದ ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಇದಕ್ಕೆ ಕೆರೆಗೊಡಗೆ, ಕಟ್ಟುಕೊಡಗೆ ಎಂದು ಹೆಸರು. ಇಂಥದೇ ಇನ್ನೊಂದು ದಶವಂದ. ಹತ್ತನೆಯ ಪಾಲೆಂಬ ಅರ್ಥ ಆ ಹೆಸರಿನಲ್ಲೇ ಇದೆ. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ಬುಕ್ಕರಾಯನ ಮಗ ಭಾಸ್ಕರನು ಅಲ್ಲಿಯ ಕೆರೆಯನ್ನು ಕಟ್ಟಿಸಿದಾಗ ಒಂದು ಸಾವಿರ ಕೂಲಿಗಳೂ ಕಲ್ಲು ಸಾಗಿಸಲು ನೂರು ಬಂಡಿಗಳೂ ಎರಡು ವರ್ಷ ದುಡಿದವೆಂದೂ, ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳಿರಬೇಕೆಂದೂ ಅದು ತಿಳಿಸುತ್ತದೆ. ರಾಜ್ಯವು ಇಂದಿನ ಆದಾಯದಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ನಾಳೆಯ ನೀರನ್ನು ಕೊಂಡುಕೊಳ್ಳುವ ಏರ್ಪಾಡು ಇದು. ಇದಕ್ಕಿಂತ ಸರಳವಾದ ಮುಂದಾಲೋಚನೆ ಬೇರೆ ಯಾವುದಿದೆ?

ವಿಜಯನಗರ ಅಳಿದ ಮೇಲೆ ಈ ಸೀಮೆ ಹಲವರ ಕೈ ದಾಟಿತು. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಪ್ರದೇಶಗಳನ್ನೂ ಕರ್ನೂಲು ಸೀಮೆಯ ಕೆಲವು ಭಾಗಗಳನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದನು. ಆದ್ದರಿಂದಲೇ ಇವು ದತ್ತ ಮಂಡಲಗಳಾದವು. 1928ರಲ್ಲಿ ನಂದ್ಯಾಲದ ಸಭೆಯಲ್ಲಿ ರಾಯಲಸೀಮೆಯೆಂಬ ಹೆಸರು ಬರುವವರೆಗೂ ನಮ್ಮ ಹಿರಿಯರು ದತ್ತ ಮಂಡಲದವರೇ. ಆದವಾನಿ, ರಾಯದುರ್ಗ, ಮಡಕಶಿರಗಳೂ ಇದರೊಳಗಿದ್ದವು.

ಇಲ್ಲಿಗೆ ಮೊದಲ ಪ್ರಧಾನ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. 1800ರಿಂದ 1807ರವರೆಗೆ ಅವನು ಈ ಸೀಮೆಯ ಹಳ್ಳಿಗಳನ್ನು ಸುತ್ತಿದನು. ಹೊಲಗಳನ್ನು ಅಳೆಯಿಸಿ ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ನಡುವೆ ಜಮೀನ್ದಾರನನ್ನು ನಿಲ್ಲಿಸದೆ ಪ್ರತಿಯೊಬ್ಬ ರೈತನೊಡನೆ ನೇರವಾಗಿ ಕಂದಾಯ ಗೊತ್ತುಪಡಿಸಿದನು. ಇದೇ ರೈತವಾರಿ ಪದ್ಧತಿ. ಪಟ್ಟಾ, ಜಮಾಬಂದಿ, ಕಿಸ್ತು, ಜುಲೈ ತಿಂಗಳಿಗೆ ಆರಂಭವಾಗುವ ಫಸಲಿ ವರ್ಷ, ಈ ಮಾತುಗಳೆಲ್ಲ ನಮ್ಮ ಹಿರಿಯರ ದಿನನಿತ್ಯದ ಮಾತಿನಲ್ಲಿ ಬೆರೆತುಹೋದವು.

ಮನ್ರೋವನ್ನು ಈ ನೆಲದ ಜನ ಪ್ರೀತಿಯಿಂದ ನೆನೆದು ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟದ್ದುಂಟು. ಆದರೂ ಚರಿತ್ರೆಯನ್ನು ಓದುವವರು ಒಂದು ಮಾತನ್ನು ಮುಚ್ಚಿಡಬಾರದು. ಅವನು ವಿಧಿಸಿದ ಕಂದಾಯ ಹಗುರವಾಗಿರಲಿಲ್ಲ. ಅವನ ಲೆಕ್ಕದಂತೆಯೇ ಅದು ಒಟ್ಟು ಹುಟ್ಟುವಳಿಯ ಶೇಕಡಾ 45ರಷ್ಟಾಗುತ್ತಿತ್ತು. ಹತ್ತು ಚೀಲ ಜೋಳ ಬೆಳೆದರೆ ನಾಲ್ಕೂವರೆ ಚೀಲ ಸರಕಾರಕ್ಕೆ. ಉಳಿದುದರಲ್ಲಿ ಬೀಜ, ಎತ್ತಿನ ಮೇವು, ಆಯಗಾರರ ಪಾಲು, ವರ್ಷದ ಊಟ ಎಲ್ಲವೂ ನಡೆಯಬೇಕು. ಇಂಥವನಿಗೆ “ನಾಳೆಗೆ ಉಳಿಸು” ಎಂದು ಉಪದೇಶಿಸುವುದು ಬರಿದಾದ ಕಣಜಕ್ಕೆ ಬೀಗ ಹಾಕಿದಂತೆ.

ಇದನ್ನು ಕಂಡುಕೊಂಡವನೂ ಮನ್ರೋನೇ ಎಂಬುದು ಅವನ ದೊಡ್ಡತನ. 1807ರಲ್ಲಿ ಊರಿಗೆ ಹೊರಡುವ ಮುನ್ನ ಅವನು ಮೇಲಿನವರಿಗೆ ಬರೆದ ಶಿಫಾರಸಿನಲ್ಲಿ, ಎಲ್ಲ ಭೂಮಿಗಳ ಕಂದಾಯದಲ್ಲಿ ಶೇಕಡಾ 25ರಷ್ಟು ಇಳಿಸಬೇಕೆಂದನು. ಹಾಗೆ ಮಾಡಿದರೆ ಸರಕಾರದ ಪಾಲು ಹುಟ್ಟುವಳಿಯ ಮೂರನೆಯ ಒಂದರ ಸಮೀಪಕ್ಕೆ ಬರುತ್ತಿತ್ತು. ಇದರ ಜೊತೆಗೆ, ಬಾವಿಯಿಂದ ಅಥವಾ ಹಳ್ಳ ಹೊಳೆಗಳಿಂದ ನೀರೆತ್ತಿ ಬೆಳೆಯುವ ಭೂಮಿಗೆ ಇನ್ನೂ ಶೇಕಡಾ 8, ಅಂದರೆ ಒಟ್ಟು ಶೇಕಡಾ 33ರಷ್ಟು ಇಳಿಸಬೇಕು. ಬಾವಿ ಕಟ್ಟೆಗಳನ್ನು ರೈತರು ತಮ್ಮ ಖರ್ಚಿನಲ್ಲೇ ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು ಎಂಬುದೇ ಷರತ್ತು. ಸಣ್ಣ ಕೆರೆಗಳ ದುರಸ್ತಿಗೆ ಒಪ್ಪುವ ರೈತರಿಗೂ ಇದೇ ರಿಯಾಯಿತಿ. ವಿಜಯನಗರದ ಕೆರೆಗೊಡಗೆಯ ವಿವೇಕವೇ ಇಂಗ್ಲಿಷ್ ಕಾಗದದ ಮೇಲೆ ಮತ್ತೆ ಮೂಡಿತೆಂದು ನಮಗೆ ತೋರುತ್ತದೆ.

ಆಗ ಅವನ ಮಾತು ನಡೆಯಲಿಲ್ಲ. ಕಂಪನಿಯವರು ರೈತವಾರಿಯನ್ನೇ ಕೈಬಿಟ್ಟು, ಊರಿಗೆ ಊರನ್ನೇ ಗುತ್ತಿಗೆ ಕೊಟ್ಟರು. ಮೊದಲು ಮೂರು ವರ್ಷ, ಅನಂತರ ಹತ್ತು ವರ್ಷ. ಹೆಚ್ಚು ಮೊತ್ತಕ್ಕೆ ಕೂಗಿದ ಅನೇಕ ಗುತ್ತಿಗೆದಾರರು ತಾವೂ ಕೆಟ್ಟರು, ರೈತರನ್ನೂ ಕೆಡಿಸಿದರು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರಾಗಿ ಹಿಂದಿರುಗಿದ ಮೇಲೆಯೇ ಆ ಇಳಿತ ಜಾರಿಗೆ ಬಂದದ್ದು. ನಡುವಿನ ಹದಿಮೂರು ವರ್ಷಗಳಲ್ಲಿ ಹೂಳು ತೆಗೆಯದ ಕೆರೆಗಳೆಷ್ಟೋ, ಊರು ಬಿಟ್ಟ ಕುಟುಂಬಗಳೆಷ್ಟೋ. 1827ರ ಜುಲೈ 6ರಂದು ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ಮನ್ರೋ ತೀರಿಕೊಂಡನು.

ಅರ್ಧ ಶತಮಾನದ ಬಳಿಕ ಧಾತು ಸಂವತ್ಸರ ಬಂದಿತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಮದ್ರಾಸ್ ಸರಕಾರ ಮುಂಜಾಗ್ರತೆಯಿಂದ 30,000 ಟನ್ ಧಾನ್ಯವನ್ನು ಕೊಂಡಿರಿಸಿದಾಗ, ವ್ಯಾಪಾರದಲ್ಲಿ ಕೈ ಹಾಕಿದಿರೆಂದು ವೈಸರಾಯ್ ಲಿಟ್ಟನ್ ಆಕ್ಷೇಪಿಸಿದನು. ಅವನು ಕಳುಹಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಸಾಕೆಂದನು. ಇಷ್ಟು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಬೇಕಾಯಿತು. ಅದೇ ಬರದ ನಡುವೆ ಉಪ್ಪಿನ ಮೇಲಿನ ತೆರಿಗೆ ಮಣಕ್ಕೆ 1 ರೂಪಾಯಿ 13 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿತು. ಅಂಬಲಿಗೆ ಹಿಟ್ಟಿಲ್ಲದ ಮನೆಯಲ್ಲಿ ಉಪ್ಪೂ ತುಟ್ಟಿಯಾಯಿತು.

ನಮ್ಮ ಮನೆಯಲ್ಲಿ ಹಿರಿಯರಿಂದ ಹಿರಿಯರಿಗೆ ಬಂದ ಮಾತು ಇದು. ಬರದ ಹಿಂದಿನ ವರ್ಷ ಬೆಳೆ ಚೆನ್ನಾಗಿತ್ತಂತೆ, ಮನೆಯಲ್ಲಿ ಎರಡು ಮದುವೆಗಳಾದವಂತೆ. ಕಿಸ್ತಿನ ಹಣವೂ ಬೀಜದ ಜೋಳವೂ ಚಪ್ಪರದಲ್ಲೇ ಕರಗಿದವು. ಕಿಸ್ತು ಕಟ್ಟಲು ಕೆರೆ ಹಿಂದಿನ ತರಿ ಹೊಲವನ್ನು ಸಾಹುಕಾರನಿಗೆ ಒತ್ತೆ ಇಟ್ಟರು. ಮರುವರ್ಷ ಮಳೆ ಬರಲಿಲ್ಲ. ಎತ್ತುಗಳು ಸತ್ತವು, ಹೊಲ ಹಿಂದಿರುಗಲಿಲ್ಲ. ನಮ್ಮ ಮುತ್ತಜ್ಜನವರು ಆಗ ಹತ್ತರ ಹುಡುಗ. ಅವರು ದೊಡ್ಡವರಾಗಿ ಮನೆಯ ಭಾರ ಹೊತ್ತ ಮೊದಲ ಸುಗ್ಗಿಗೆ ತಂದಿಟ್ಟದ್ದೇ ಆ ಗಡಿಗೆ. ಅಜ್ಜ ಹೇಳಿದ ಒಂದೇ ಮಾತಿನಲ್ಲಿ ಇದೆಲ್ಲ ಅಡಗಿತ್ತು.

ಸರಕಾರವೂ ಪಾಠ ಕಲಿತಂತೆ ತೋರಿತು. ಕ್ಷಾಮ ನಿವಾರಣೆಗೆಂದು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ತೆಗೆದಿರಿಸಲು 1878ರಲ್ಲಿ ಕಸುಬುಗಳ ಮೇಲೆ ಲೈಸೆನ್ಸ್ ತೆರಿಗೆ ಬಂದಿತು. ಆದರೆ ಕೆಲವೇ ದಿನಗಳಲ್ಲಿ ಆಫ್ಘನ್ ಯುದ್ಧದ ಖರ್ಚು ಎದುರಾಗಿ, ಆ ಹಣ ಬರಗಾಲಕ್ಕೆಂದು ಉಳಿಯಲಿಲ್ಲವೆಂಬ ಟೀಕೆ ಎದ್ದಿತು. ನಾಳೆಗೆಂದು ಕಟ್ಟಿದ ಗಂಟನ್ನು ಇಂದಿಗೆ ಬಿಚ್ಚುವ ಚಪಲ ಮನೆಗಳಿಗೆ ಮಾತ್ರವಲ್ಲ, ಸಾಮ್ರಾಜ್ಯಗಳಿಗೂ ಇರುತ್ತದೆ. ಆದರೂ 1880ರ ಕ್ಷಾಮ ಆಯೋಗದ ಫಲವಾಗಿ ಬಂದ ಕ್ಷಾಮ ಸಂಹಿತೆಗಳಿಂದ, ಬೆಳೆ ಹೋದಾಗ ಕಂದಾಯವನ್ನು ಮುಂದೂಡುವ, ಮನ್ನಾ ಮಾಡುವ ಕ್ರಮಕ್ಕೆ ಒಂದು ಕಟ್ಟುಪಾಡು ದೊರೆಯಿತು.

ಇನ್ನು ನಮ್ಮ ಕಾಲದ ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಕಚೇರಿಯ ಭಾಷೆ ಕ್ರಮೇಣ ಬದಲಾಯಿತು, ಮನೆಯ ಪೆಟ್ಟಿಗೆಯಲ್ಲಿದ್ದ ರಸೀದಿಗಳ ಭಾಷೆ ಬದಲಾಗಲಿಲ್ಲ. ನಾವು ಮುಖ್ಯೋಪಾಧ್ಯಾಯರಾಗಿದ್ದಾಗ ಒಂದು ದಿನ ವಿದ್ಯಾರ್ಥಿಯೊಬ್ಬನ ತಾಯಿ ಸೆರಗಿನಲ್ಲಿ ಕಾಗದದ ಕಟ್ಟೊಂದನ್ನು ತಂದರು. ಗಂಡ ತೀರಿಕೊಂಡಿದ್ದರು, ಹೊಲ ಬೇರೆಯವರ ಹೆಸರಿನಲ್ಲಿ ದಾಖಲಾಗಿತ್ತು. “ಇವನ್ನು ಅಲ್ಲಿ ಯಾರೂ ಓದುವುದಿಲ್ಲ ಮೇಷ್ಟ್ರೇ” ಎಂದರು. ಅವು ಮಾವನವರ ಕಾಲದ ಕನ್ನಡದ ಕಿಸ್ತು ರಸೀದಿಗಳು, ಒಂದು ವರ್ಷವೂ ತಪ್ಪದಂತೆ ದಾರದಲ್ಲಿ ಪೋಣಿಸಿದ್ದವು. ನಾವೂ ನಮ್ಮ ಸಹೋದ್ಯೋಗಿಯೊಬ್ಬರೂ ಎರಡು ಸಂಜೆ ಕುಳಿತು ಅವನ್ನೆಲ್ಲ ತೆಲುಗಿನಲ್ಲಿ ಬರೆದು ಪಟ್ಟಿ ಮಾಡಿಕೊಟ್ಟೆವು. ತಡವಾಗಿಯಾದರೂ ದಾಖಲೆ ಸರಿಹೋಯಿತು. ಆ ಹೊಲವನ್ನು ಉಳಿಸಿದ್ದು ನಮ್ಮ ಬರವಣಿಗೆಯಲ್ಲ, ಓದು ಬಾರದ ಆ ಮಾವನವರ ದಾರ.

ಇಂದು ಭೂಕಂದಾಯ ಹಗುರವಾಗಿದೆ, ತೆರಿಗೆಯ ಮುಖ ಬೇರೆಯಾಗಿದೆ. 2017ರ ಜುಲೈ 1ರಿಂದ ಬಂದ ಜಿ.ಎಸ್.ಟಿ. ನಾವು ಕೊಳ್ಳುವ ಸಾಬೂನಿನ ಬೆಲೆಯೊಳಗೆ ಸದ್ದಿಲ್ಲದೆ ಕುಳಿತಿರುತ್ತದೆ. ಸಂಬಳದವರು ಹತ್ತು ತಿಂಗಳು ಸುಮ್ಮನಿದ್ದು ಫೆಬ್ರವರಿಯಲ್ಲಿ ವಿಮಾ ಏಜೆಂಟರನ್ನು ಹುಡುಕಿಕೊಂಡು ಓಡುವುದನ್ನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೇ ಪ್ರತಿವರ್ಷ ಕಂಡಿದ್ದೇವೆ. ಆ ಓಟದಲ್ಲಿ ನಾವೂ ಒಮ್ಮೆ ಸೇರಿ, ಬೇಡದ ಪಾಲಿಸಿಯೊಂದನ್ನು ಕೊಂಡು ಹದಿನೈದು ವರ್ಷ ಕಂತು ಕಟ್ಟಿದೆವು. ಗಡಿಗೆಯ ಮನೆಯಲ್ಲಿ ಹುಟ್ಟಿದವರಿಗೂ ಮರೆವು ತಪ್ಪದು. ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಈ ಚರಿತ್ರೆಯಿಂದ ನಾವು ಕಂಡುಕೊಂಡದ್ದು ಇಷ್ಟೇ. ತೆರಿಗೆ ಎಷ್ಟೆಂಬುದಕ್ಕಿಂತ, ಕೊಟ್ಟ ಮೇಲೆ ಕೈಯಲ್ಲಿ ನಾಳೆಗೆ ಏನಾದರೂ ಉಳಿಯುತ್ತದೆಯೇ ಎಂಬುದು ಮುಖ್ಯ. ಉಳಿಯುವಂತೆ ಮಾಡುವುದು ಆಳುವವರ ಧರ್ಮ. ಉಳಿದುದನ್ನು ಮೊದಲ ದಿನವೇ ಎತ್ತಿಡುವುದು ಮನೆಯವರ ಧರ್ಮ. ಒಂದು ತಪ್ಪಿದರೆ ಇನ್ನೊಂದು ನಿಲ್ಲದು.

ಆದ್ದರಿಂದ ಸಂಘದ ಪ್ರತಿ ಕುಟುಂಬಕ್ಕೂ ನಮ್ಮ ಬಿನ್ನಹವೊಂದಿದೆ. ಸಮ್ಮೇಳನ ಮುಗಿಸಿ ಮನೆಗೆ ಹೋದ ಮೇಲೆ ಹಳೆಯ ಪೆಟ್ಟಿಗೆ ತೆರೆದು ಪಟ್ಟಾ, ರಸೀದಿ, ಮನೆಗಂದಾಯದ ಚೀಟಿಗಳನ್ನು ವರ್ಷವಾರು ಜೋಡಿಸಿರಿ. ಕನ್ನಡದಲ್ಲಿರುವವನ್ನು ಮಕ್ಕಳಿಂದಲೇ ಓದಿಸಿರಿ. ಓದಲು ಬಾರದಿದ್ದರೆ ಕಲಿಸಲು ನಮ್ಮಂಥ ನಿವೃತ್ತರು ಇನ್ನೂ ಕೆಲವರಿದ್ದೇವೆ. ನಮ್ಮ ಮನೆಯ ಗಡಿಗೆ ಒಡೆದು ಬಹಳ ಕಾಲವಾಯಿತು. ಅದರ ಬಾಯಿಗೆ ಕಟ್ಟುತ್ತಿದ್ದ ಗಂಟನ್ನು ಮಾತ್ರ ಮೊಮ್ಮಕ್ಕಳಿಗೆ ಹೇಳಿಕೊಡುತ್ತಿದ್ದೇವೆ.