ಎರಡು ಕಲ್ಯಾಣಗಳ ನಡುವೆ: ಮಹಿಳಾ ಸಂಘಗಳ ಧನಸಹಾಯದ ಚರಿತ್ರೆಗೆ ಒಂದು ಟಿಪ್ಪಣಿ

ಬೀದರ ಜಿಲ್ಲೆಯ ಬಸವಕಲ್ಯಾಣವನ್ನೂ ಠಾಣೆ ಜಿಲ್ಲೆಯ ಕಲ್ಯಾಣವನ್ನೂ ಒಂದೆಂದೇ ತಿಳಿದು ಬರೆದ ಅಡಿಟಿಪ್ಪಣಿಗಳನ್ನು ನಾವು ಒಂದೆರಡು ಬಾರಿ ತಿದ್ದಿದ್ದುಂಟು. ಹೊರನಾಡಿನ ಸಂಶೋಧಕರಿಗೆ ಇದು ಸಹಜವಾದ ತಪ್ಪು. ಮೊದಲನೆಯದು ಹನ್ನೆರಡನೆಯ ಶತಮಾನದ ಶರಣರ ಊರು, ಎರಡನೆಯದು ಉಲ್ಹಾಸ ನದಿಯ ದಡದ ಹಳೆಯ ಬಂದರು. ಇವುಗಳಿಗೆ ಸಂಬಂಧವಿಲ್ಲ. ಆದರೆ ಸ್ವಾತಂತ್ರ್ಯಾನಂತರ ಬಡ ಹೆಣ್ಣುಮಕ್ಕಳ ಏಳಿಗೆಗೆಂದು ಹೊರಗಿನಿಂದ ಬಂದ ಹಣವು ಯಾರ ಕೈ ಸೇರಿತು ಎಂಬುದನ್ನು ವಿಚಾರಿಸಲು ಹೊರಟಾಗ ಎರಡೂ ಸ್ಥಳಗಳು ಬೇರೊಂದು ಕಾರಣದಿಂದ ನಮ್ಮೆದುರು ನಿಲ್ಲುತ್ತವೆ.

ಠಾಣೆಯ ಕಲ್ಯಾಣದ ಬಳಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನಿಕರಿಗಾಗಿ ಕಟ್ಟಿದ ಶಿಬಿರಗಳಿದ್ದವು. ದೇಶವಿಭಜನೆಯ ತರುವಾಯ ಸಿಂಧ್ ಪ್ರಾಂತದಿಂದ ಬಂದ ನಿರಾಶ್ರಿತರು ಆ ಬರಾಕುಗಳಲ್ಲಿ ನೆಲೆಸಿದರು. 1949ರ ಆಗಸ್ಟ್ 8ರಂದು ಅದಕ್ಕೆ ಉಲ್ಹಾಸನಗರವೆಂದು ಹೆಸರಾಯಿತು. ಇಂದಿಗೂ ಅಲ್ಲಿನವರು ವಿಳಾಸ ಹೇಳುವುದು ಕ್ಯಾಂಪಿನ ಸಂಖ್ಯೆಯಿಂದಲೇ. ಆ ಕಾಲದ ಪುನರ್ವಸತಿ ವ್ಯವಹಾರದಲ್ಲಿ ನೆರವಿನ ಘಟಕ ಕುಟುಂಬ. ಹೆಂಗಸು ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತಿದ್ದುದು ಗಂಡುದಿಕ್ಕಿಲ್ಲದವಳಾದಾಗ. ಅಂಥವರಿಗೆ ‘ಅನಾಥ ಸ್ತ್ರೀಯರು’ ಎಂಬ ಅರ್ಥದ ಬೇರೊಂದು ವರ್ಗವನ್ನೇ ಸರ್ಕಾರ ಮಾಡಿತ್ತು. ಗಂಡನಿದ್ದ ಹೆಂಗಸರು ಹಪ್ಪಳ, ಉಪ್ಪಿನಕಾಯಿಗಳನ್ನು ಮಾಡಿ ಮಾರಿ ಮನೆ ನಡೆಸಿದರೂ ಆ ದುಡಿಮೆ ಯೋಜನೆಯ ಕಣ್ಣಿಗೆ ಬೀಳಲಿಲ್ಲ. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪಿತವಾಯಿತು. 2022ರಲ್ಲಿ ಮುಚ್ಚಲ್ಪಟ್ಟ ಈ ಮಂಡಳಿಯ ಅನುದಾನದಿಂದ ಮಹಿಳಾ ಮಂಡಳಗಳಿಗೆ ಹಣ ದೊರೆಯತೊಡಗಿತು. ಆದರೆ ಹೊಲಿಗೆ ಯಂತ್ರದ ತರಗತಿಯ ಆಚೆಗೆ ಅದು ಹೋದದ್ದು ಕಡಿಮೆ ಎಂದು ನಮ್ಮ ಅಭಿಪ್ರಾಯ.

ಅದೇ ಮುಂಬಯಿ ಪ್ರದೇಶದಲ್ಲಿ ಎರಡು ಬೇರೆ ಪ್ರಯೋಗಗಳು ನಡೆದವು. 1959ರ ಮಾರ್ಚ್ 15ರಂದು ಗಿರಗಾಂವಿಯ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸಲು ಕುಳಿತರು. ಮುಂದೆ ಲಿಜ್ಜತ್ ಎಂದು ಹೆಸರಾದದ್ದು ಇದೇ. ದಾನವನ್ನು ಸ್ವೀಕರಿಸಬಾರದೆಂಬುದು ಅವರು ಮೊದಲಿನಿಂದ ಇಟ್ಟುಕೊಂಡ ಕಟ್ಟಳೆ. ಎರಡನೆಯದು 1975ರಲ್ಲಿ ಪ್ರೇಮಾ ಪುರವ ಅವರು ಕಟ್ಟಿದ ಅನ್ನಪೂರ್ಣಾ ಮಹಿಳಾ ಮಂಡಳ. ಗಿರಣಿ ಕಾರ್ಮಿಕರಿಗೆ ಮನೆಯಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದ ಖಾನಾವಳಿಯ ಹೆಂಗಸರು ದಿನಸಿಗಾಗಿ ಬಡ್ಡಿ ವ್ಯಾಪಾರಿಗಳ ಕೈಯಲ್ಲಿ ಸಿಕ್ಕಿದ್ದರು. 1969ರಲ್ಲಿ ರಾಷ್ಟ್ರೀಕರಣಗೊಂಡ ಬ್ಯಾಂಕುಗಳಿಂದ ಅವರಿಗೆ ಅಡವಿಲ್ಲದೆ, ಗುಂಪಿನ ಹೊಣೆಯ ಮೇಲೆ ಸಾಲ ಕೊಡಿಸುವುದು ಮಂಡಳದ ಕೆಲಸವಾಯಿತು. 1982ರ ಗಿರಣಿ ಮುಷ್ಕರದ ತರುವಾಯ ಉಣ್ಣುವವರೇ ಊರು ಬಿಟ್ಟರು. ಸಾಲದಿಂದ ಹೆಂಗಸಿಗೆ ದೊರೆತ ಬಲವೂ ಗಿರಣಿಯ ಭೋಂಗದ ಮೇಲೆ ನಿಂತಿತ್ತೆಂಬುದು ಆಗ ಕಂಡಿತು.

ಈಗ ಕರ್ನಾಟಕದ ಕಡೆಗೆ ಬರೋಣ. ಇಲ್ಲಿಯೂ ಕಥೆ ನಿರಾಶ್ರಿತರಿಂದಲೇ ಆರಂಭವಾಗುವುದು ಕುತೂಹಲದ ಸಂಗತಿ. ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಆ ಕಾರ್ಯ ಮುಗಿದ ಮೇಲೆ ಅದು ಹಳ್ಳಿಗಳ ಬಡವರ ಕಡೆ ತಿರುಗಿತು. 1980ರ ದಶಕದ ನಡುವೆ, ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯಿದ್ದ ಸಣ್ಣ ಗುಂಪುಗಳು ಉಳಿದವು. 1987ರಲ್ಲಿ ನಬಾರ್ಡ್ ಕೊಟ್ಟ 10 ಲಕ್ಷ ರೂಪಾಯಿ, 1992ರಲ್ಲಿ 500 ಗುಂಪುಗಳ ಗುರಿಯಿಟ್ಟು ದೇಶದಲ್ಲಿ ಆರಂಭವಾದ ಬ್ಯಾಂಕ್ ಜೋಡಣೆಯ ಪ್ರಯೋಗ, ಇವುಗಳ ಇತಿಹಾಸವನ್ನು ಬಲ್ಲವರು ಬರೆದಿದ್ದಾರೆ, ವಿಸ್ತರಿಸುವ ಅಗತ್ಯವಿಲ್ಲ.

ನಾವು ನಿಂತು ನೋಡಬೇಕಾದದ್ದು ಮಹಿಳಾ ಸಮಾಖ್ಯೆಯನ್ನು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ‘ಸಮಾನತೆಗಾಗಿ ಶಿಕ್ಷಣ’ ಎಂಬ ಮಾತನ್ನಾಡಿತು. ಅದನ್ನು ಆಧರಿಸಿ, ನೆದರ್‌ಲ್ಯಾಂಡ್ಸ್ ಸರ್ಕಾರದ ಧನಸಹಾಯದಿಂದ ಕರ್ನಾಟಕ, ಉತ್ತರ ಪ್ರದೇಶ, ಗುಜರಾತ್ ರಾಜ್ಯಗಳಲ್ಲಿ 1989ರಲ್ಲಿ ಈ ಕಾರ್ಯಕ್ರಮ ನೆಲೆಗೊಂಡಿತು. ಕರ್ನಾಟಕದಲ್ಲಿ ಮೊದಲು ಆಯ್ದದ್ದು ಬೀದರ, ವಿಜಾಪುರ, ಮೈಸೂರು ಜಿಲ್ಲೆಗಳನ್ನು. ಶರಣರ ಕಲ್ಯಾಣವಿರುವ ಜಿಲ್ಲೆಯೇ ಮೊದಲ ಪಟ್ಟಿಯಲ್ಲಿದ್ದುದು ಹಿಂದುಳಿದಿರುವಿಕೆಯ ಕಾರಣದಿಂದಲೇ ಹೊರತು ವಚನಗಳ ಕಾರಣದಿಂದಲ್ಲ. ಹಣವು ಕೇಂದ್ರದ ಶಿಕ್ಷಣ ಇಲಾಖೆಗೆ ಬಂದು, ಅಲ್ಲಿಂದ ರಾಜ್ಯದಲ್ಲಿ ನೋಂದಾಯಿತವಾದ ಸ್ವಾಯತ್ತ ಸಂಸ್ಥೆಗೆ ಇಳಿಯುತ್ತಿತ್ತು. ಒಬ್ಬ ಸಹಯೋಗಿನಿಗೆ ಸುಮಾರು ಹತ್ತು ಹಳ್ಳಿ. ಅವಳು ಊರಿಗೆ ಹೋಗಿ ಹೆಂಗಸರೊಡನೆ ಕುಳಿತು ಮಾತನಾಡುವುದೇ ಕೆಲಸ.

ಈ ಯೋಜನೆಯ ನಿಜವಾದ ಹೊಸತನ ಹಣದ ಮೊತ್ತದಲ್ಲಿರಲಿಲ್ಲ, ಹಣದೊಡನೆ ಬಾರದ ಒಂದು ವಸ್ತುವಿನಲ್ಲಿತ್ತು: ಗುರಿಸಂಖ್ಯೆ. ಇಷ್ಟು ತಿಂಗಳಲ್ಲಿ ಇಷ್ಟು ಮಂದಿಯನ್ನು ಅಕ್ಷರಸ್ಥರನ್ನಾಗಿಸಬೇಕೆಂಬ ಆಜ್ಞೆ ಇರಲಿಲ್ಲ. ಏನು ಬೇಕೆಂಬುದನ್ನು ಸಂಘವೇ ಹೇಳಬೇಕು, ಹೇಳುವವರೆಗೆ ಕಾಯಬೇಕು. ಸಂಘದ ಹೆಂಗಸರಲ್ಲಿ ಬಹುಮಂದಿ ದಲಿತರು, ಕೃಷಿಕೂಲಿಗಳು. ಅವರು ಮೊದಲು ಎತ್ತಿದ್ದು ಅಕ್ಷರವನ್ನಲ್ಲ; ಕುಡಿಯುವ ನೀರು, ಕೂಲಿ, ಪಡಿತರ ಚೀಟಿ, ಸಾರಾಯಿ. ಓದುವ ಬಯಕೆ ಬಂದದ್ದು ಕಚೇರಿಗಳಿಗೆ ಅಲೆದ ಮೇಲೆ. 1993ರ ಡಿಸೆಂಬರಿನಲ್ಲಿ ಹೊಸ ಕಾಯಿದೆಯಂತೆ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ಕರ್ನಾಟಕದಲ್ಲಿ ಗೆದ್ದ ಹೆಂಗಸರು ಮೀಸಲಾತಿಯ ಮೂರನೆಯ ಒಂದಂಶವನ್ನು ಮೀರಿದ್ದರು. ಸಂಘಗಳಿಂದ ಬಂದವರೂ ಅವರಲ್ಲಿದ್ದರು. ಕಾರ್ಯಕ್ರಮದ ಮೊದಲ ರಾಜ್ಯ ನಿರ್ದೇಶಕಿಯಾಗಿದ್ದ ಶ್ರೀಲತಾ ಬಾಟ್ಲಿವಾಲಾ ಅವರು ‘ಸಬಲೀಕರಣ’ವೆಂಬ ಪದಕ್ಕೆ ಈ ಅನುಭವದಿಂದಲೇ ಅರ್ಥ ಕಟ್ಟಿದರು. 2007ರಲ್ಲಿ ಬರೆದ ಪ್ರಬಂಧದಲ್ಲಿ, ಅದೇ ಪದದಿಂದ ಬಲವೆಂಬ ಅರ್ಥವೇ ಸೋರಿಹೋಯಿತೆಂದು ವಿಷಾದಿಸಿದ್ದಾರೆ.

ಇಲ್ಲಿ ನಮ್ಮ ಮಧ್ಯಕಾಲೀನ ವ್ಯಾಸಂಗದ ಒಂದು ಮಾತನ್ನು ತರುವುದಕ್ಕೆ ಓದುಗರ ಕ್ಷಮೆ ಇರಲಿ. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯನ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಮಾಮೂಲಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳುತ್ತಾಳೆ. ಇದನ್ನು ನಿರಾಸೆಯ ನೀತಿಯೆಂದು ಓದುವುದು ರೂಢಿ. ನಮಗೆ ಮುಖ್ಯವೆನಿಸುವುದು ಬೇರೆ: ಅಕ್ಕಿ ತಂದವನು ಗಂಡ, ಕೊಟ್ಟದ್ದು ಮಹಾಮನೆ, ಆದರೆ ಎಷ್ಟು ಸಾಕೆಂದು ನಿರ್ಣಯಿಸಿದವಳು ಲಕ್ಕಮ್ಮ. ನೆರವನ್ನು ಅಳೆಯುವ ಅಧಿಕಾರ ಪಡೆಯುವವಳಲ್ಲಿ ಇರುವ ಈ ಸ್ಥಿತಿಯೇ ಮಹಿಳಾ ಸಮಾಖ್ಯೆಯ ಮೊದಲ ವರ್ಷಗಳಲ್ಲಿ ಸ್ವಲ್ಪ ಕಾಲ ಸಾಧ್ಯವಾಗಿತ್ತು. (ಲಕ್ಕಮ್ಮನನ್ನು ಯೋಜನೆಗಳ ಘೋಷವಾಕ್ಯವಾಗಿಸುವುದು ಮಾತ್ರ ಬೇಡ, ಬಡವರು ಕಡಿಮೆ ಕೇಳಬೇಕೆಂಬ ಉಪದೇಶಕ್ಕೆ ಆ ಪ್ರಸಂಗ ಈಗಾಗಲೇ ಸಾಕಷ್ಟು ದುರ್ಬಳಕೆಯಾಗಿದೆ.)

ಆ ಸ್ಥಿತಿ ಬಹುಕಾಲ ನಿಲ್ಲಲಿಲ್ಲ. 2000ದಲ್ಲಿ ರಾಜ್ಯ ಸರ್ಕಾರ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸ್ತ್ರೀಶಕ್ತಿ ಗುಂಪುಗಳನ್ನು ಕಟ್ಟಿಸಿತು. ವಾರದ ಉಳಿತಾಯ, ಸಾಲದ ಕಂತು, ಗುಂಪುಗಳ ಸಂಖ್ಯೆ, ಇವು ಪ್ರಗತಿಯ ಅಳತೆಗೋಲುಗಳಾದವು. ಸಾಲವನ್ನು ನಾವು ಹಳಿಯುತ್ತಿಲ್ಲ. ಬಡ್ಡಿ ವ್ಯಾಪಾರಿಯ ಕೈಯಿಂದ ಬಿಡಿಸಿದ್ದು ಸಣ್ಣ ಉಪಕಾರವಲ್ಲ. ಆದರೆ ಕೂಲಿಯ ಜಗಳಕ್ಕೆ ಸೇರುತ್ತಿದ್ದ ಸಭೆ ಕಂತಿನ ಸಭೆಯಾದಾಗ, ಕಂತು ಕಟ್ಟಲಾರದ ಅತಿ ಬಡವಳೇ ಮೊದಲು ಹೊರಗುಳಿಯುತ್ತಾಳೆ. 2003ರಲ್ಲಿ ಭಾರತ ಸರ್ಕಾರವು ನೆದರ್‌ಲ್ಯಾಂಡ್ಸ್ ಮೊದಲಾದ ಹಲವು ದೇಶಗಳ ನೇರ ನೆರವನ್ನು ಮುಂದೆ ಬೇಡವೆಂದಿತು. ತರುವಾಯ ಬ್ರಿಟನ್ನಿನ ನೆರವೂ ಕೇಂದ್ರದ ಹಣವೂ ಕಾರ್ಯಕ್ರಮವನ್ನು ನಡೆಸಿದವು. 2016ರಲ್ಲಿ ಕೇಂದ್ರದ ಅನುದಾನ ನಿಂತಿತು. ಗ್ರಾಮೀಣ ಜೀವನೋಪಾಯ ಅಭಿಯಾನದಲ್ಲಿ ಅದನ್ನು ಲೀನಗೊಳಿಸುವ ಮಾತಾಯಿತು. ವರ್ಷಗಟ್ಟಲೆ ಗೌರವಧನದ ಮೇಲೆ ದುಡಿದ ಸಹಯೋಗಿನಿಯರು ನೌಕರರ ಲೆಕ್ಕದಲ್ಲಿರಲಿಲ್ಲ. ಆದ್ದರಿಂದ ಅವರಿಗೆ ನೌಕರರ ಹಕ್ಕುಗಳೂ ಇರಲಿಲ್ಲ. ಇತರರ ಕೂಲಿಯ ಪ್ರಶ್ನೆ ಎತ್ತಲು ಕಲಿಸಿದವರ ಕೂಲಿಯನ್ನು ಯಾವ ದಾತೃವೂ ಕೇಳಿದಂತೆ ಕಾಣುವುದಿಲ್ಲ.

ಗುಲಬರ್ಗಾ, ಯಾದಗಿರಿ, ವಿಜಾಪುರಗಳ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದ ಕನ್ನಡ ಕುಟುಂಬಗಳು ಇಂದು ಠಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ದುಡಿಯುತ್ತವೆ. ಸಂಘದ ಕಲ್ಪನೆಯೆಲ್ಲ ಊರಿನಲ್ಲಿ ನೆಲೆ ನಿಂತ ಹೆಂಗಸನ್ನು ಆಧರಿಸಿದ್ದು. ಗುಳೆ ಹೋದವಳು ಅಲ್ಲಿನ ಸಭೆಗೆ ಗೈರು; ಇಲ್ಲಿನ ಪಡಿತರ ಚೀಟಿಯಲ್ಲಿ ಅವಳ ಹೆಸರಿಲ್ಲ. ಉಲ್ಹಾಸನಗರದ ಬರಾಕುಗಳಲ್ಲಿ ಹಪ್ಪಳ ಲಟ್ಟಿಸುತ್ತಿದ್ದವಳಂತೆ ಇವಳೂ ಕುಟುಂಬದೊಳಗೆ ಮರೆಯಾಗಿದ್ದಾಳೆ. ಮುಂಬಯಿ ಸೀಮೆಯಲ್ಲಿರುವ ಕನ್ನಡ ಸಂಶೋಧಕರು ಈ ಹೆಂಗಸರನ್ನು ಕಂಡು, ಊರಿನ ಸಂಘದ ನೆನಪುಗಳನ್ನು ಅವರ ಬಾಯಿಂದಲೇ ಬರೆದುಕೊಳ್ಳಬಹುದು. ಊರುಗಳಲ್ಲಿ ಉಳಿದಿರುವ ಸಂಘಗಳ ನಡಾವಳಿ ಪುಸ್ತಕಗಳು ಇನ್ನೊಂದು ಆಕರ. ತಾಳೆಗರಿಯ ಪ್ರತಿಗೆ ನಾವು ತೋರುವ ಶ್ರದ್ಧೆಯನ್ನೇ ಅವೂ ಬೇಡುತ್ತವೆ. ಹಾಳೆಯ ಅಂಚಿನಲ್ಲಿ ಹೆಬ್ಬೆಟ್ಟಿನ ಗುರುತು ಎಲ್ಲಿ ನಿಂತು ಸಹಿ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಬೇಕು.