ವಯಸ್ಕರ ದೀಕ್ಷಾವಿಧಿ: ಭಾನುವಾರದ ಬಲಿಪೂಜೆಯಲ್ಲಿ ಎದುರಾಗುವ ಸವಾಲುಗಳು

ವಯಸ್ಕರು ಹಂತಹಂತವಾಗಿ ಧರ್ಮಸಭೆಯನ್ನು ಸೇರುವ ವಿಧಿಯನ್ನು ಆರ್‌ಸಿಐಎ ಎಂದು ಕರೆಯುತ್ತೇವೆ. ಈ ಪ್ರಾಚೀನ ಕ್ರಮವನ್ನು ಪುನಃ ಆರಂಭಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ತೀರ್ಮಾನಿಸಿತು. ವಿಧಿಯ ಗ್ರಂಥವು 1972ರ ಜನವರಿ 6ರಂದು ಪ್ರಕಟವಾಯಿತು. ಕರಾವಳಿಯಿಂದ ಉದ್ಯೋಗಕ್ಕಾಗಿ ತೆರಳಿದ ನಮ್ಮ ಅನೇಕ ಕುಟುಂಬಗಳು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ನೆಲೆಸಿರುವುದರಿಂದ, ಅಲ್ಲಿನಂತಹ ನಗರ ಧರ್ಮಕೇಂದ್ರಗಳಲ್ಲಿ ಈ ವಿಧಿ ಎದುರಿಸುವ ತೊಡಕುಗಳನ್ನು ಇಲ್ಲಿ ವಿವರಿಸುತ್ತೇವೆ.

ವಿಧಿಯ ಹಂತಗಳು

ಮೊದಲು ಅಭ್ಯರ್ಥಿಯನ್ನು ದೀಕ್ಷಾರ್ಥಿಯಾಗಿ ಸ್ವೀಕರಿಸಲಾಗುತ್ತದೆ. ಸಾಕಷ್ಟು ಕಾಲದ ಧರ್ಮೋಪದೇಶದ ನಂತರ, ತಪಸ್ಸುಕಾಲದ ಮೊದಲ ಭಾನುವಾರ ಆಯ್ಕೆಯ ವಿಧಿ ನಡೆಯುತ್ತದೆ. ಮೂರು, ನಾಲ್ಕು ಮತ್ತು ಐದನೇ ಭಾನುವಾರಗಳಲ್ಲಿ ಅಂತಃಶೋಧನೆಯ ಪ್ರಾರ್ಥನೆಗಳಿರುತ್ತವೆ. ಪಾಸ್ಖ ಜಾಗರಣೆಯಲ್ಲಿ ದೀಕ್ಷಾಸ್ನಾನ, ದೃಢೀಕರಣ ಮತ್ತು ಪರಮಪ್ರಸಾದ ಮೂರನ್ನೂ ಒಟ್ಟಿಗೆ ನೀಡಲಾಗುತ್ತದೆ. ಪಾಸ್ಖ ಕಾಲದುದ್ದಕ್ಕೂ ಉಪದೇಶ ಮುಂದುವರಿಯುತ್ತದೆ.

ಸವಾಲುಗಳು

ಮೊದಲನೆಯದು ಭಾಷೆ. ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಕನ್ನಡ, ಇಂಗ್ಲಿಷ್, ತಮಿಳು, ಕೆಲವೆಡೆ ಕೊಂಕಣಿಯಲ್ಲೂ ಬಲಿಪೂಜೆಗಳು ನಡೆಯುತ್ತವೆ. ವಿಧಿ ಒಂದು ಪೂಜೆಯಲ್ಲಿ ಮಾತ್ರ ನಡೆದರೆ ಉಳಿದವರಿಗೆ ಅದರ ಅರಿವೇ ಇರುವುದಿಲ್ಲ.

ಎರಡನೆಯದು ವಾಚನಗಳು. ಅಂತಃಶೋಧನೆ ನಡೆಯುವ ಪೂಜೆಯಲ್ಲಿ 'ಎ' ವರ್ಷದ ವಾಚನಗಳನ್ನೇ ಬಳಸಬೇಕು. ಸಮಾರ್ಯದ ಸ್ತ್ರೀ, ಹುಟ್ಟುಕುರುಡ ಮತ್ತು ಲಾಜರ ಇವು ಆ ಮೂರು ಭಾನುವಾರಗಳ ಶುಭಸಂದೇಶಗಳು. 'ಬಿ' ಮತ್ತು 'ಸಿ' ವರ್ಷಗಳಲ್ಲಿ ಇತರ ಪೂಜೆಗಳ ವಾಚನ ಬೇರೆಯಾಗಬಹುದಾದ್ದರಿಂದ ವಾಚಕರಿಗೂ ಗಾಯನ ವೃಂದಕ್ಕೂ ಮುಂಚಿತವಾಗಿ ತಿಳಿಸಬೇಕು.

ಮೂರನೆಯದು ಬೀಳ್ಕೊಡುಗೆ. ಪ್ರಬೋಧನೆಯ ಬಳಿಕ ದೀಕ್ಷಾರ್ಥಿಗಳಿಗಾಗಿ ಪ್ರಾರ್ಥಿಸಿ ಅವರನ್ನು ಹೊರಕ್ಕೆ ಕಳುಹಿಸಿಕೊಡುವುದು ಕ್ರಮ. ಕಾರಣ ತಿಳಿಯದ ಭಕ್ತಾದಿಗಳಿಗೆ ಅದು ಅವಮಾನದಂತೆ ಕಾಣಬಹುದು. ಅವರು ಉಪದೇಶಿಯ ಜೊತೆ ಕುಳಿತು ಅಂದಿನ ದೇವರ ವಾಕ್ಯವನ್ನು ಧ್ಯಾನಿಸಲು ಹೋಗುತ್ತಾರೆ. ಗಂಭೀರ ಕಾರಣವಿದ್ದರೆ ದೇವಾಲಯದಲ್ಲೇ ಉಳಿಯಬಹುದು, ಆದರೆ ಪರಮಪ್ರಸಾದ ಸ್ವೀಕರಿಸುವಂತಿಲ್ಲ.

ನಾಲ್ಕನೆಯದು ಗೊಂದಲ. ನೀರಿನಿಂದ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಬೇರೆ ಸಭೆಯಲ್ಲಿ ಕ್ರಮಬದ್ಧವಾಗಿ ದೀಕ್ಷಾಸ್ನಾನ ಪಡೆದವರಿಗೆ ಅದನ್ನು ಪುನಃ ನೀಡುವಂತಿಲ್ಲ. ಅವರನ್ನು ದೀಕ್ಷಾರ್ಥಿಗಳ ಸಾಲಿನಲ್ಲಿ ನಿಲ್ಲಿಸುವುದೂ ತಪ್ಪು. ವಿವಾಹಕ್ಕಾಗಿ ಮಾತ್ರ ಬರುವವರನ್ನು ಅವಸರಪಡಿಸಬಾರದು. ದೀಕ್ಷಾಸ್ನಾನವಿಲ್ಲದವರೊಡನೆ ವಿವಾಹಕ್ಕೆ ಧರ್ಮಸಭೆಯ ಕಾನೂನಿನ 1086ನೇ ವಿಧಿಯಡಿ ವಿನಾಯಿತಿ ಪಡೆಯುವ ದಾರಿಯಿದೆ.

ಐದನೆಯದು ಸಾರ್ವಜನಿಕತೆ. ಹೆಸರು ಹಿಡಿದು ಕರೆಯುವ ಈ ವಿಧಿಯಿಂದ ಅಭ್ಯರ್ಥಿಗೆ ಮನೆಯಲ್ಲಿ ಅಥವಾ ಕಚೇರಿಯಲ್ಲಿ ತೊಂದರೆಯಾಗಬಹುದು. 2022ರ ರಾಜ್ಯ ಕಾಯ್ದೆಯು ಮತಾಂತರಕ್ಕೆ 30 ದಿನ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಸಲ್ಲಿಸುವ ನಿಯಮ ತಂದಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾನೂನಿನ ವಿಷಯದಲ್ಲಿ ಧರ್ಮಪ್ರಾಂತ್ಯದ ಕಚೇರಿಯ ಸಲಹೆ ಪಡೆಯದೆ ದಿನಾಂಕ ನಿಗದಿಪಡಿಸಬಾರದು. ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಫೋಟೋ ಪ್ರಕಟಿಸಬಾರದು.

ಏನು ಮಾಡಬಹುದು?

ವರ್ಷವಿಡೀ ಒಂದೇ ಪೂಜೆಯನ್ನು ಆರಿಸಿಕೊಂಡು, ಆ ಪೂಜೆಗೆ ಬರುವವರಿಂದಲೇ ಪ್ರಾಯೋಜಕರನ್ನು ನೇಮಿಸಬೇಕು. ಪ್ರತಿ ಹಂತಕ್ಕೂ ಮುನ್ನ ಎರಡು ನಿಮಿಷಗಳ ವಿವರಣೆ ಸಾಕು. ಉಳಿದ ಪೂಜೆಗಳ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ದೀಕ್ಷಾರ್ಥಿಗಳಿಗಾಗಿ ಒಂದು ಬಿನ್ನಹವಿರಲಿ. ಗಂಭೀರ ಅಡ್ಡಿಯಿದ್ದರೆ ಒಂದು ಅಂತಃಶೋಧನೆಗೆ, ಅಸಾಧಾರಣ ಸಂದರ್ಭದಲ್ಲಿ ಎರಡಕ್ಕೆ, ಧರ್ಮಾಧ್ಯಕ್ಷರು ವಿನಾಯಿತಿ ನೀಡಬಹುದು. ಗುರುಗಳು ತಾವಾಗಿಯೇ ಅದನ್ನು ಬಿಟ್ಟುಬಿಡುವಂತಿಲ್ಲ.

ದೀಕ್ಷೆ ನೀಡುವುದು ಗುರುಗಳ ಮತ್ತು ಉಪದೇಶಿಯ ಕೆಲಸ ಮಾತ್ರವಲ್ಲ, ಇಡೀ ಧರ್ಮಕೇಂದ್ರದ ಹೊಣೆ ಎಂದು ವಿಧಿಯ ಗ್ರಂಥವೇ ಹೇಳುತ್ತದೆ. ಪಾಸ್ಖ ರಾತ್ರಿ ದೀಕ್ಷೆ ಪಡೆದವರು ಮುಂದಿನ ಭಾನುವಾರ ಬೆಂಚಿನಲ್ಲಿ ಒಂಟಿಯಾಗಿ ಕುಳಿತಿದ್ದರೆ, ಅವರ ಪಕ್ಕದಲ್ಲಿ ಹೋಗಿ ಕೂರುವ ಜವಾಬ್ದಾರಿ ನಮ್ಮೆಲ್ಲರದು.