ಸಂಬಳ ಬೇಡವೆಂದ ಸಿಪಾಯಿಗಳು



ಯುದ್ಧದ ಸಿನಿಮಾ ಅಂದ್ರೆ ಕುದುರೆ, ತೋಪು, ಧ್ವಜ ಕಣ್ಣಮುಂದೆ ಬರ್ತಾವ. 1989ರ ಅಮೆರಿಕದ ಚಿತ್ರ ‘ಗ್ಲೋರಿ’ಯಲ್ಲೂ ಇವೆಲ್ಲ ಇವೆ. ಆದರೆ ಅದರೊಳಗೆ ನಮ್ಮದೇ ಒಂದು ಪ್ರಶ್ನೆ ಇದೆ: ದೇಶಕ್ಕಾಗಿ ಸಾಯಲು ಕರೆಯುವವರು, ಬದುಕಿದ್ದಾಗ ನಮ್ಮನ್ನು ಸರಿಸಮ ಕೂಡ್ರಿಸಿಕೊಳ್ತಾರೇನು?

ಅಮೆರಿಕದ ಅಂತರ್ಯುದ್ಧದ ಕಾಲ. 1863ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕಪ್ಪು ಜನರ 54ನೇ ದಳ ಕಟ್ಟಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ನಾಯಕನಾಗಿ ಬೆಳೆದ ಫ್ರೆಡರಿಕ್ ಡಗ್ಲಾಸ್ ತನ್ನ ಇಬ್ಬರು ಮಕ್ಕಳನ್ನೇ ಅದಕ್ಕೆ ಕಳಿಸಿದ. ತಿಂಗಳಿಗೆ 13 ಡಾಲರ್ ಎಂದು ಹೇಳಿ ಸೇರಿಸಿಕೊಂಡ ಸರಕಾರ, ಕೊಡುವಾಗ 10 ಅಂದಿತು. ಅದರಲ್ಲೂ ಬಟ್ಟೆಗೆಂದು 3 ಮುರಿಯಿತು. ಬಿಳಿ ಸಿಪಾಯಿಗೆ ಮಾತ್ರ ಪೂರ್ತಿ 13. ಇವರು ಸಂಬಳವೇ ಬೇಡ ಅಂದ್ರು. ಕಡಿಮೆ ಬಿದ್ದದ್ದನ್ನು ನಾವೇ ತುಂಬಿಕೊಡ್ತೀವಿ ಅಂತ ಮ್ಯಾಸಚೂಸೆಟ್ಸ್ ಹೇಳಿದರೂ ಒಪ್ಪಲಿಲ್ಲ. ರೊಕ್ಕದ ಮಾತಲ್ಲ ನೋಡ್ರಿ ಅದು, ಮಾನದ ಮಾತು.

ಜುಲೈ 18ರ ಸಂಜೆ ಅದೇ ಸಿಪಾಯಿಗಳು ವ್ಯಾಗ್ನರ್ ಕೋಟೆಯ ಮೇಲೆ ಮುಂದಾಗಿ ನುಗ್ಗಿದರು. ಸುಮಾರು 600 ಜನರಲ್ಲಿ 250ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು, ಇಲ್ಲವೆ ಸೆರೆಯಾದರು. ಗುಂಡು ತಗುಲಿದರೂ ವಿಲಿಯಂ ಕಾರ್ನಿ ಧ್ವಜ ನೆಲಕ್ಕೆ ಬಿಡಲಿಲ್ಲ. ಸಮಾನ ಸಂಬಳದ ಕಾನೂನು 1864ರಲ್ಲಿ ಬಂತು. ಕಾರ್ನಿಗೆ ಪದಕ ಸಿಕ್ಕಿದ್ದು 1900ರಲ್ಲಿ!

ಚಿತ್ರವನ್ನು ನೋಡ್ರಿ, ಕಣ್ಣು ತೆರೆದು ನೋಡ್ರಿ. ಅದು ಬಹುಮಟ್ಟಿಗೆ ಬಿಳಿ ಅಧಿಕಾರಿ ಶಾನ ಕಣ್ಣಿಂದ ಕಥೆ ಹೇಳ್ತದ. ದಳದ ಹೆಚ್ಚಿನವರು ಓಡಿಬಂದ ಗುಲಾಮರು ಅನ್ನುವಂತೆ ತೋರಿಸ್ತದ. ನಿಜದಲ್ಲಿ ಬಹಳ ಜನ ಸ್ವತಂತ್ರರಾಗಿಯೇ ಹುಟ್ಟಿದವರು.

ನಮ್ಮ ಕಡೆಯೂ ಹಂಗ. 1818 ಜನವರಿ 1ರಂದು ಕೋರೇಗಾಂವದಲ್ಲಿ ಮಹಾರ್ ಸಿಪಾಯಿಗಳು ಕಂಪನಿಯ ಪರವಾಗಿ ಕಾದಿ ಪ್ರಾಣ ಕೊಟ್ಟರು. ಅಲ್ಲಿನ ಸ್ತಂಭದ ಮೇಲೆ ಅವರ ಹೆಸರಿವೆ. ಅದೇ ಬ್ರಿಟಿಷರು 1890ರ ದಶಕದಲ್ಲಿ ಮಹಾರರ ಭರ್ತಿಯನ್ನೇ ನಿಲ್ಲಿಸಿದರು. ಸುಬೇದಾರ ರಾಮಜಿಯವರ ಮಗ ಬಾಬಾಸಾಹೇಬರು 1927ರ ಜನವರಿ 1ರಂದು ಆ ಸ್ತಂಭದ ಮುಂದೆ ನಿಂತರು. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ 1941ರಲ್ಲಿ ನಮಗೆ ದೂರವಲ್ಲದ ಬೆಳಗಾವಿಯಲ್ಲಿ ಎದ್ದಿತು.

ನಿಷ್ಠೆ ತೋರಿಸುವುದು ನಮಗೆ ಹೊಸದಲ್ಲ. ನಿಷ್ಠೆಯ ಜೊತೆ ಲೆಕ್ಕ ಕೇಳುವುದನ್ನು 54ನೇ ದಳ ಕಲಿಸ್ತದ. ತಮ್ಮಂದಿರೇ, ತಂಗಿಯರೇ, ನಿಮ್ಮ ಓಣಿಯಲ್ಲಿ ಪಲಟಣಿಗೆ ಹೋಗಿಬಂದ ಅಜ್ಜಂದಿರಿದ್ದರೆ ಇಂದೇ ಹೋಗಿ ಕೇಳ್ರಿ, ಬರೆದಿಡ್ರಿ. ಅವರ ಸಿನಿಮಾ ಯಾರೂ ತೆಗೆದಿಲ್ಲ.

ಜೈ ಭೀಮ್!